ಹೊಂದಿಕೊಳ್ಳುವ ಸರದಿ ಯಾರದು?

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತು ಕಿವಿಗೆ ಬೀಳದೆ ಬೆಂಗಳೂರಿನಲ್ಲಿ ಒಂದು ವಾರ ಕಳೆಯುವುದು ಕಷ್ಟ. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದಾಗ ಅದನ್ನು ಹೇಳುತ್ತಾರೆ. ಮೇಲಿನ ಮನೆಯವರು ನಡುರಾತ್ರಿ ಮಂಚ ಎಳೆದ ಸದ್ದಿಗೆ ತಕರಾರು ತೆಗೆದರೆ ಹೇಳುತ್ತಾರೆ. ಬಾಡಿಗೆ ಮನೆಯ ಬಚ್ಚಲಿನ ನಲ್ಲಿ ತಿಂಗಳುಗಟ್ಟಲೆ ಸೋರುತ್ತಿದೆ ಎಂದು ಓನರಿಗೆ ತಿಳಿಸಿದರೂ ಅದೇ ಉತ್ತರ. ಇಂಥ ಕಿರಿಕಿರಿಗಳನ್ನು ಆಫೀಸಿನ ಊಟದ ಬಿಡುವಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ತೋಡಿಕೊಳ್ಳುವವರನ್ನು ನಾವು ಗೊಣಗುವ ಸ್ವಭಾವದವರು ಎಂದು ಬಿಡುತ್ತೇವೆ. ಹಾಗೆ ಬಿಡುವುದು ತಪ್ಪು ಎಂದು ನನಗನಿಸುತ್ತದೆ. ಗೊಣಗಾಟ ಎಲ್ಲಿ ಬೇಗ ಕರಗುತ್ತದೆ, ಎಲ್ಲಿ ವರ್ಷಗಟ್ಟಲೆ ಉಳಿಯುತ್ತದೆ ಎಂದು ಗಮನಿಸಿದರೆ, ಹೊಂದಿಕೊಳ್ಳಬೇಕು ಎಂಬ ಬೇಡಿಕೆ ಎಲ್ಲಿ ನ್ಯಾಯವಾದದ್ದು, ಎಲ್ಲಿ ಅಲ್ಲ ಎಂಬುದೂ ತಿಳಿಯುತ್ತದೆ.

ಬಸ್ಸನ್ನೇ ನೋಡಿ. ಸಂಜೆ ಮೆಜೆಸ್ಟಿಕ್ಕಿನಲ್ಲಿ ಹತ್ತಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿಂತವರ ಬ್ಯಾಗು ಕೂತವರ ಮುಖಕ್ಕೆ ತಾಗುತ್ತದೆ, ಬಾಗಿಲಲ್ಲಿ ಜೋತವರು ಒಳಗೆ ಸರಿಯಿರಿ ಎಂದು ಕೂಗುತ್ತಾರೆ, ಒಳಗಿದ್ದವರು ಎಲ್ಲಿಗೆ ಸರಿಯೋದು ಎಂದು ರೇಗುತ್ತಾರೆ. ಆದರೂ ಈ ಜಗಳ ಇಳಿಯುವ ಸ್ಟಾಪಿನಲ್ಲೇ ಮುಗಿಯುತ್ತದೆ. ಇವತ್ತು ನಿಂತವರು ನಾಳೆ ಕೂರುತ್ತಾರೆ, ನಾಳೆ ಕೂತವರು ನಾಡಿದ್ದು ಬಾಗಿಲಲ್ಲಿರುತ್ತಾರೆ. ಪಾತ್ರಗಳು ಅದಲುಬದಲಾಗುತ್ತಲೇ ಇರುವುದರಿಂದ ಸರಿದು ಕೂರಿ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ, ಸರಿಯುವ ಹೊಣೆಯೂ ಎಲ್ಲರದು. ಇಲ್ಲಿ ಹೊಂದಾಣಿಕೆ ನಿಜವಾದ ಸದ್ಗುಣ. ಪರಿಚಯವೇ ಇಲ್ಲದವರು ಒಬ್ಬರ ಮಗುವನ್ನು ಇನ್ನೊಬ್ಬರು ಮಡಿಲಲ್ಲಿ ಕೂರಿಸಿಕೊಳ್ಳುವುದು, ಟಿಕೆಟ್ಟಿನ ಹಣವನ್ನು ಕೈಯಿಂದ ಕೈಗೆ ದಾಟಿಸಿ ಕಂಡಕ್ಟರಿಗೆ ಮುಟ್ಟಿಸುವುದು ಇದೇ ಗುಣದಿಂದ.

ಆಟೋದ ಜಗಳ ಸ್ವಲ್ಪ ಬೇರೆ. ಅಲ್ಲಿ ಸರದಿ ಬದಲಾಗುವುದಿಲ್ಲ. ಆದರೆ ಎದುರುಬದುರು ನಿಂತ ಇಬ್ಬರೂ ಮಾಡದ ತಪ್ಪಿಗೆ ಇಬ್ಬರೂ ಬೈಸಿಕೊಳ್ಳುತ್ತಾರೆ. ಬೆಂಗಳೂರಿನ ಮೀಟರ್ ದರ 2021ರ ಡಿಸೆಂಬರಿನಲ್ಲಿ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿಗೆ ಏರಿತು. ಮುಂದಿನ ಏರಿಕೆ, 36 ರೂಪಾಯಿ, ಬಂದದ್ದು 2025ರ ಆಗಸ್ಟಿನಲ್ಲಿ. ನಡುವಿನ ಮೂರೂವರೆ ವರ್ಷದಲ್ಲಿ ಗ್ಯಾಸು, ಟೈರು, ಮಕ್ಕಳ ಫೀಜು ಸುಮ್ಮನಿರಲಿಲ್ಲ. ‘ಮೀಟರ್ ಮೇಲೆ ಇಪ್ಪತ್ತು ಕೊಡಿ’ ಎನ್ನುವುದು ಆ ಅಂತರವನ್ನು ಪ್ರತಿ ಸವಾರಿಯಲ್ಲೂ ಬೀದಿಯಲ್ಲಿ ನಿಂತು ತುಂಬಿಸಿಕೊಳ್ಳುವ ದಾರಿ. ಮೀಟರಿನ ಎರಡು ಪಟ್ಟು, ಮೂರು ಪಟ್ಟು ಕೇಳುವವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ದರವನ್ನು ಪ್ರತಿವರ್ಷ ನಿಗದಿತ ದಿನಕ್ಕೆ ಪರಿಷ್ಕರಿಸುವ ಪದ್ಧತಿ ಇದ್ದಿದ್ದರೆ ಈ ಜಗಳಗಳಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ.

ನೆರೆಹೊರೆಯಲ್ಲಿ ಎರಡೂ ಬಗೆ ಬೆರೆತಿವೆ. ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿ ಗೃಹಪ್ರವೇಶ ಮಾಡಿದರೆ ಗಾಡಿ ಸುತ್ತಿಸಿಕೊಂಡು ಹೋಗುವವರು ಹೆಚ್ಚೇನೂ ಬೇಸರಿಸುವುದಿಲ್ಲ. ತಮ್ಮ ಮನೆಯ ನಾಮಕರಣಕ್ಕೂ ಅದೇ ಬೀದಿ ಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮಹಡಿಮನೆಗಳ ಸದ್ದು ಬಹುಮಟ್ಟಿಗೆ ಕೆಳಕ್ಕೇ ಇಳಿಯುತ್ತದೆ. ಕುರ್ಚಿ ಎಳೆದದ್ದು, ಮಕ್ಕಳು ಕುಣಿದದ್ದು, ಬೆಳಗಿನ ಐದಕ್ಕೆ ಒರಳುಕಲ್ಲು ಉರುಳಿದ್ದು ಕೆಳಗಿನವರಿಗೆ ಕೇಳುತ್ತದೆ; ಕೆಳಗಿನವರ ಕುರ್ಚಿಯ ಸದ್ದು ಮೇಲಿನವರಿಗೆ ಗೊತ್ತೇ ಆಗುವುದಿಲ್ಲ. ಮೇಲಿನ ಬಚ್ಚಲು ಸೋರಿದರೆ ಒದ್ದೆಯಾಗುವುದು ಕೆಳಗಿನ ಸೂರು. ನೀರೂ ಹಾಗೆಯೇ: ಸಂಪಿನ ಮೋಟಾರಿನ ಸ್ವಿಚ್ಚು ಯಾರ ಮನೆಯೊಳಗಿದೆಯೋ ಅವರು ಎದ್ದಾಗಲೇ ಉಳಿದವರಿಗೆ ಬೆಳಗು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಕಾದ ಬಡಾವಣೆಗಳಲ್ಲಿ ಇದು ಎಷ್ಟು ದೊಡ್ಡ ಅಧಿಕಾರ ಎಂದು ಬಾಡಿಗೆದಾರರಿಗೆ ಚೆನ್ನಾಗಿ ಅರ್ಥವಾಯಿತು. ಸದ್ದಿಗೆ ಕಾನೂನು ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್‌ ಎಂದು ಮಿತಿ ಹಾಕಿವೆ. ಧ್ವನಿವರ್ಧಕದ ವಿರುದ್ಧ ಪೊಲೀಸರಿಗೆ ಫೋನ್ ಮಾಡಬಹುದು, ಮಾಡಬೇಕು ಕೂಡ. ಮಂಚ ಎಳೆಯುವ ಸದ್ದಿಗೆ ಫೋನ್ ಮಾಡಲಾಗದು. ಅಲ್ಲಿ ಬೇಕಾದದ್ದು ಮೇಲಿನವರು ಒಮ್ಮೆ ಕೆಳಗಿಳಿದು ಬಂದು, ಆ ಕೋಣೆಯಲ್ಲಿ ಹತ್ತು ನಿಮಿಷ ಕೂತು ಕೇಳುವ ಮನಸ್ಸು.

ಬಾಡಿಗೆಯ ವಿಷಯಕ್ಕೆ ಬಂದರೆ ಅದಲುಬದಲಿನ ಪ್ರಶ್ನೆಯೇ ಇಲ್ಲ. ಓನರ್ ಓನರಾಗಿಯೇ ಇರುತ್ತಾರೆ, ಬಾಡಿಗೆದಾರ ಮನೆ ಬದಲಿಸಿದರೂ ಬಾಡಿಗೆದಾರನೇ. ಅದರ ಮೇಲೆ ಅಡ್ವಾನ್ಸ್. ಬೆಂಗಳೂರಿನಲ್ಲಿ ಬಹುಕಾಲ ನಡೆದು ಬಂದ ವಾಡಿಕೆ ಹತ್ತು ತಿಂಗಳ ಬಾಡಿಗೆ. ಈಗೀಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಇಪ್ಪತ್ತು ಸಾವಿರದ ಮನೆಗೆ ಹತ್ತು ತಿಂಗಳೆಂದರೆ ಎರಡು ಲಕ್ಷ. ಬ್ಯಾಂಕಿನಲ್ಲಿ ಶೇಕಡ 6ರ ಬಡ್ಡಿ ಎಂದುಕೊಂಡರೂ ವರ್ಷಕ್ಕೆ ಹನ್ನೆರಡು ಸಾವಿರ ರೂಪಾಯಿ ಬಾಡಿಗೆಯ ಜೊತೆಗೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಆದರೆ ಬಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ತನ್ನ ಎರಡು ಲಕ್ಷ ಎದುರಿಗಿನವರ ಕೈಯಲ್ಲಿರುವಾಗ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನಲ್ಲಿ ಸೋರಿದರೆ ಸ್ವಂತ ಖರ್ಚಿನಲ್ಲಿ ವಾಷರ್ ಹಾಕಿಸುತ್ತಾರೆ. ಹೇಳದೆ ಕೇಳದೆ ಓನರ್ ಒಳಗೆ ಬಂದು ಅಡುಗೆಮನೆ ನೋಡಿಕೊಂಡು ಹೋದರೂ ನಗುನಗುತ್ತಾ ಕಾಫಿ ಕೊಡುತ್ತಾರೆ. ಆಮೇಲೆ ಗೆಳೆಯರ ಮುಂದೆ ಗೊಣಗುತ್ತಾರೆ. ಆ ಗೊಣಗಾಟವನ್ನು ಸಣ್ಣತನ ಎನ್ನಲು ನನಗೆ ಬಾಯಿ ಬರುವುದಿಲ್ಲ, ಏಕೆಂದರೆ ಹೇಳಬೇಕಾದ ಜಾಗದಲ್ಲಿ ಹೇಳುವ ಧೈರ್ಯವನ್ನು ಆ ಹಣ ಮೊದಲೇ ಕಿತ್ತುಕೊಂಡಿರುತ್ತದೆ. ಮನೆ ಬಿಡುವ ದಿನ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಒಂದು ವರ್ಷ ಇದ್ದವರಿಗೂ ಐದು ವರ್ಷ ಇದ್ದವರಿಗೂ ಅದೇ ಲೆಕ್ಕ. ಬಣ್ಣ ಹೊಡೆಸಿದ ಬಿಲ್ಲು ತೋರಿಸಿ ಎಂದು ಕೇಳುವವರು ಅಪರೂಪ, ತೋರಿಸುವವರು ಇನ್ನೂ ಅಪರೂಪ.

ಕಾನೂನು ಎಲ್ಲಿದೆ ಎಂದು ಕೇಳಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ಆ ಬಾಡಿಗೆಗೆ ಬೆಂಗಳೂರಿನಲ್ಲಿ ಒಂದು ಕೋಣೆ ಸಿಗುವುದೂ ಕಷ್ಟ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಎಲ್ಲರೂ ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳುತ್ತಾರೆ. ಹೀಗೆ ಲಕ್ಷಾಂತರ ಕುಟುಂಬಗಳ ವಾಸ ಒಂದು ಸ್ಟ್ಯಾಂಪ್ ಪೇಪರಿನ ಮೇಲೆ, ವರ್ಷವೂ ತುಂಬದ ಭರವಸೆಯ ಮೇಲೆ ನಿಂತಿದೆ. ಮುರಿದುಕೊಂಡ ಇಪ್ಪತ್ತು ಸಾವಿರಕ್ಕಾಗಿ ಸಿವಿಲ್ ಕೋರ್ಟಿಗೆ ಯಾರು ಹೋಗುತ್ತಾರೆ?

ಇದಕ್ಕಿಂತ ಕಹಿಯಾದದ್ದು ಮನೆ ಸಿಗುವ ಮೊದಲಿನ ಪ್ರಶ್ನೆಗಳು. ‘ನೀವು ಯಾವ ಪೈಕಿ?’ ‘ಮನೇಲಿ ನಾನ್‌ವೆಜ್ ಮಾಡ್ತೀರಾ?’ ಟು-ಲೆಟ್ ಬೋರ್ಡು ನೋಡಿ ಬಂದವರು ಹೆಸರು ಹೇಳಿದ ಕೂಡಲೇ ‘ನಿನ್ನೆ ತಾನೇ ಬೇರೆಯವರಿಗೆ ಕೊಟ್ಟಾಯ್ತು’ ಎನ್ನುತ್ತಾರೆ; ಬೋರ್ಡು ಮಾತ್ರ ಮರುವಾರವೂ ಅಲ್ಲೇ ಇರುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅಂಬೇಡ್ಕರರಿಗೆ 1917ರಲ್ಲಿ ಬರೋಡಾದಲ್ಲಿ ತಲೆಯಿಡಲು ಜಾಗ ಸಿಗಲಿಲ್ಲ. ಹೆಸರು ಮರೆಸಿ ಉಳಿದಿದ್ದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಅವರು ಕೆಲಸ ಬಿಟ್ಟು ಮುಂಬಯಿಗೆ ಮರಳಿದರು. ಮುಂದೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ, ಮತದ ಕಾರಣಕ್ಕೆ ತಡೆಯಬಾರದು ಎಂದು ಹೆಸರಿಸಿ ಹೇಳುತ್ತದೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಹೋಟೆಲಿನವರು ಕೇಳಬಾರದ ಪ್ರಶ್ನೆಯನ್ನು ಮನೆಯವರು ನಿರಾತಂಕವಾಗಿ ಕೇಳುತ್ತಾರೆ, ಅದನ್ನೂ ಹೊಂದಾಣಿಕೆಯ ಹೆಸರಿನಲ್ಲಿ. ತಿನ್ನುವುದನ್ನು ಬಿಡು, ಹೆಸರನ್ನು ಮರೆಸು ಎಂಬ ಬೇಡಿಕೆಗೆ ಹೊಂದಾಣಿಕೆ ಎಂಬ ಹೆಸರು ಸಲ್ಲದು.

ಓನರುಗಳ ಕಡೆಯೂ ಮಾತಿದೆ. ಗಂಡನ ಪಿಂಚಣಿ ಸಾಲದೆ ಮೇಲಿನ ಎರಡು ಮನೆಯ ಬಾಡಿಗೆಯಲ್ಲೇ ಔಷಧ, ಕರೆಂಟು ನಿಭಾಯಿಸುವ ವಯಸ್ಸಾದ ಹೆಂಗಸರು ನಮ್ಮ ಬಡಾವಣೆಗಳಲ್ಲಿ ಎಷ್ಟೋ ಮಂದಿ. ಬಾಡಿಗೆ ಕೊಡದೆ, ಮನೆಯನ್ನೂ ಬಿಡದೆ ಕೂತವರ ಮೇಲೆ ದಾವೆ ಹೂಡಿದರೆ ತೀರ್ಪಿಗೆ ವರ್ಷಗಳು ಬೇಕು. ಹತ್ತು ತಿಂಗಳ ಅಡ್ವಾನ್ಸಿನ ಹಿಂದೆ ದುರಾಸೆ ಇರುವಷ್ಟೇ ಈ ಭಯವೂ ಇದೆ, ಮತ್ತು ಭಯಕ್ಕೆ ಕಾರಣವಿದೆ. ಎರಡೂ ಕಡೆಯವರು ನ್ಯಾಯಾಲಯವನ್ನು ನಂಬಲಾರದೆ ಕೈಯಲ್ಲಿ ಹಣ ಹಿಡಿದುಕೊಳ್ಳುವುದನ್ನೇ ನ್ಯಾಯ ಮಾಡಿಕೊಂಡಿದ್ದಾರೆ. ಆ ಹಣ ಒಬ್ಬರ ಕೈಯಲ್ಲಿ ಮಾತ್ರ ಇರುವುದು ತೊಡಕು.

ಇದಕ್ಕೆ ದಾರಿ ಇಲ್ಲವೆಂದೇನಿಲ್ಲ. ಇಂಗ್ಲೆಂಡಿನಲ್ಲಿ 2007ರಿಂದ ಓನರು ಪಡೆದ ಅಡ್ವಾನ್ಸನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದಕ್ಕೆ ಒಳಪಡಿಸಬೇಕು. ಮನೆ ಬಿಡುವಾಗ ಎಷ್ಟು ಮುರಿಯಬೇಕು ಎಂದು ತಕರಾರು ಬಂದರೆ ಕೋರ್ಟಿಗೆ ಹೋಗದೆ, ಶುಲ್ಕವಿಲ್ಲದೆ, ದಾಖಲೆ ನೋಡಿ ತೀರ್ಮಾನಿಸುವ ವ್ಯವಸ್ಥೆ ಆ ಯೋಜನೆಗಳಲ್ಲೇ ಇದೆ. ನಮ್ಮಲ್ಲೂ 2021ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ, ಓನರ್ ಒಳಗೆ ಬರುವುದಿದ್ದರೆ 24 ಗಂಟೆ ಮೊದಲು ತಿಳಿಸಬೇಕು, ವ್ಯಾಜ್ಯಗಳಿಗೆ ಪ್ರತ್ಯೇಕ ಪ್ರಾಧಿಕಾರ ಮತ್ತು ನ್ಯಾಯಾಲಯ ಇರಬೇಕು ಎನ್ನುತ್ತದೆ. ಮಾದರಿ ಕಾಯ್ದೆ ತಾನಾಗಿ ಜಾರಿಯಾಗುವುದಿಲ್ಲ. ರಾಜ್ಯಗಳು ತಮ್ಮ ಕಾನೂನಿಗೆ ತಂದುಕೊಳ್ಳಬೇಕು. ಎರಡು ತಿಂಗಳ ಮಿತಿಯೊಂದನ್ನೇ ತಂದು ವ್ಯಾಜ್ಯ ಬೇಗ ಮುಗಿಸುವ ಭಾಗವನ್ನು ಬಿಟ್ಟರೆ ಓನರುಗಳ ಭಯ ಹೆಚ್ಚಿ ಅಡ್ವಾನ್ಸು ಕರಾರಿನಿಂದ ಹೊರಗೆ, ನಗದಾಗಿ ಕೈ ಬದಲಾಯಿಸುತ್ತದೆ. ಆದ್ದರಿಂದ ಎರಡೂ ಒಟ್ಟಿಗೆ ಬರಬೇಕು, ಇಂತಿಷ್ಟೇ ದಿನಗಳೊಳಗೆ ಎಂಬ ಗಡುವಿನೊಂದಿಗೆ. ಅಲ್ಲಿಯವರೆಗೆ ಬಾಡಿಗೆದಾರರು ಮನೆ ಸೇರುವ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಚಿತ್ರ ತೆಗೆದು ಓನರಿಗೂ ಕಳಿಸಿ, ಬಣ್ಣದ ಖರ್ಚು ಎಷ್ಟು ವರ್ಷಕ್ಕೆ ಎಷ್ಟು ಎಂದು ಕರಾರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಕೀಲಿಕೈ ತೆಗೆದುಕೊಳ್ಳುವ ಮೊದಲೇ ಇದನ್ನು ಕೇಳಬೇಕು. ಹಣ ಕೈ ದಾಟಿದ ಮೇಲೆ ಕೇಳಿದರೆ ಉತ್ತರ ಕೊಡಲೇಬೇಕಾದ ಒತ್ತಡ ಎದುರಿಗಿನವರಿಗೆ ಇರುವುದಿಲ್ಲ.