ನೆಲ ನಮ್ಮದು, ಕುದುರೆ ಅವರದು, ಲೆಕ್ಕ ಯಾರದು?



ಒಂದು ಲೆಕ್ಕ ಹಾಕಿ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟಿನ ನಮ್ಮಂಥವರಿಗೆ 30-40 ಸೈಟು ಅಂದರೆ ಜೀವಮಾನದ ಕನಸು. ಅಪ್ಪ ದುಡಿದು, ಮಗ ದುಡಿದು, ಸೊಸೆಯ ಒಡವೆ ಅಡವಿಟ್ಟರೂ ಕೈಗೆ ಎಟುಕದ ಕನಸು. ಅದೇ ಊರಿನ ನಟ್ಟನಡುವೆ, ವಿಧಾನಸೌಧದಿಂದ ಕೂಗಳತೆಯಲ್ಲಿ, ಸುಮಾರು 85 ಎಕರೆ ಜಾಗ ಕುದುರೆ ಓಡಿಸುವುದಕ್ಕೆಂದು ಬಿದ್ದಿದೆ. 30-40ರ ಅಳತೆಯಲ್ಲಿ ಗುಣಿಸಿದರೆ ಮೂರು ಸಾವಿರ ಸೈಟಿಗೂ ಮಿಗಿಲು. ನಮ್ಮ ಲಾಲ್‌ಬಾಗ್ 240 ಎಕರೆ. ಅದರ ಮೂರನೇ ಒಂದು ಪಾಲಿಗಿಂತ ದೊಡ್ಡದು ಈ ರೇಸ್ ಕೋರ್ಸ್!

ಜಾಗ ಯಾರದು? ಸರ್ಕಾರದ್ದು. ಅಂದರೆ ನಿಮ್ಮದು, ನನ್ನದು. ಅಲ್ಲಿ ಕೂತಿರುವುದು ಬೆಂಗಳೂರು ಟರ್ಫ್ ಕ್ಲಬ್. ಗುತ್ತಿಗೆ ಯಾವಾಗ ಮುಗಿಯಿತು? 2009ರ ಡಿಸೆಂಬರ್ 31ಕ್ಕೆ! ಜಾಗ ಖಾಲಿ ಮಾಡಿ, ಊರ ಹೊರಗೆ ಹೋಗಿ ಎಂದು 2010ರಲ್ಲಿ ಸರ್ಕಾರ ಹೇಳಿತು. ಕ್ಲಬ್ಬಿನವರು ಕೋರ್ಟಿಗೆ ಹೋದರು. ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತು. ಅಲ್ಲಿಂದೀಚೆಗೆ ಯಡಿಯೂರಪ್ಪ ಹೋದರು, ಸದಾನಂದ ಗೌಡರು ಬಂದರು, ಶೆಟ್ಟರ್ ಬಂದರು, ಸಿದ್ದರಾಮಯ್ಯ ಬಂದರು, ಕುಮಾರಸ್ವಾಮಿ ಬಂದರು, ಮತ್ತೆ ಯಡಿಯೂರಪ್ಪ, ಆಮೇಲೆ ಬೊಮ್ಮಾಯಿ, 2023ರಲ್ಲಿ ಮತ್ತೆ ಸಿದ್ದರಾಮಯ್ಯ. ಮೂರೂ ಪಕ್ಷದವರು ಕುರ್ಚಿ ಹತ್ತಿ ಇಳಿದರು. ಆ ರಸ್ತೆಯ ಹೆಸರು ಕೂಡ 2023ರಲ್ಲಿ ನಮ್ಮ ಅಂಬರೀಶ್ ಅವರ ಹೆಸರಾಗಿ ಬದಲಾಯಿತು. ಬದಲಾಗದೆ ಉಳಿದದ್ದು ಒಂದೇ, ರೇಸ್ ಕೋರ್ಸು!

ನೀವು ಬಾಡಿಗೆ ಮನೆಯ ಅಗ್ರಿಮೆಂಟ್ ಮುಗಿದ ಮೇಲೆ ಒಂದು ತಿಂಗಳು ಹೆಚ್ಚಿಗೆ ಕೂತು ನೋಡಿ. ಓನರ್ ನಿಮ್ಮ ಪಾತ್ರೆಪಗಡ ಬೀದಿಗೆ ಇಡುತ್ತಾನೆ. ಇಲ್ಲಿ ಓನರ್ ಆದ ಸರ್ಕಾರಕ್ಕೆ ಇಷ್ಟು ವರ್ಷವಾದರೂ ಇತ್ಯರ್ಥ ಮಾಡಿಸಿಕೊಳ್ಳಲು ಆಗಿಲ್ಲ. ಬಡವನ ಗುಡಿಸಲಾಗಿದ್ದರೆ ಜೆ.ಸಿ.ಬಿ. ಬರಲು ಇಷ್ಟು ಕಾಲ ಬೇಕಾಗುತ್ತಿತ್ತೇ?

ಕೌಶಲದ ಆಟ ಅಂತೆ!

ಕುದುರೆ ಜೂಜು ಜೂಜಲ್ಲ, ಅದು ಕೌಶಲದ ಆಟ. ಇದು ನನ್ನ ಮಾತಲ್ಲ. 1996ರ ಜನವರಿಯಲ್ಲಿ ಮದ್ರಾಸಿನ ರೇಸ್ ಕ್ಲಬ್ಬಿನ ವಿಷಯದಲ್ಲಿ, ಡಾ. ಕೆ.ಆರ್. ಲಕ್ಷ್ಮಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಕುದುರೆಯ ವಂಶ, ತರಬೇತಿ, ಹೊರುವ ತೂಕ, ಜಾಕಿಯ ಕೈಚಳಕ ಎಲ್ಲವನ್ನೂ ತೂಗಿ ನೋಡಿ ಬಾಜಿ ಕಟ್ಟುತ್ತಾರೆ, ಹಾಗಾಗಿ ಇದು ಬರೀ ಅದೃಷ್ಟವಲ್ಲ ಎಂಬುದು ಅದರ ತಿರುಳು.

ಆಗಲಿ ಸ್ವಾಮಿ, ಒಪ್ಪಿದೆವು. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ಕೌಶಲದ ಆಟವಾದರೆ ಬಾಜಿ ಕಟ್ಟುವವನಿಗೆ ಮಾಹಿತಿ ಬೇಕು. ಯಾವ ಕುದುರೆಗೆ ಕಾಲು ನೋವು, ಯಾವ ಜಾಕಿಗೆ ಯಾಕೆ ದಂಡ ಬಿತ್ತು, ಹೋದ ವಾರ ಗೆಲ್ಲಬೇಕಾದ ಕುದುರೆ ಯಾಕೆ ಹಿಂದೆ ಬಿತ್ತು, ಸ್ಟೀವರ್ಡ್‌ಗಳು ವಿಚಾರಣೆ ಮಾಡಿ ಏನು ತೀರ್ಮಾನ ಕೊಟ್ಟರು, ಇದೆಲ್ಲ ತಿಳಿಯಬೇಕು. ಇವೆಲ್ಲ ಯಾವ ಭಾಷೆಯಲ್ಲಿ ಇರಬೇಕು?

ನಾನು ಅಚ್ಚಿನ ಕಸುಬಿನವನು. ಪಿ.ಯು.ಸಿ. ಮುಗಿಸಿ ಅಪ್ಪನ ಟ್ರೆಡಲ್ ಮಷೀನಿನ ಮುಂದೆ ನಿಂತವನು. ಮದುವೆ ಕಾಗದ, ತಿಥಿ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಕರಪತ್ರ, ಸಂಘದ ಬೈಲಾ, ಎಲ್ಲ ಕನ್ನಡದಲ್ಲಿ ಹೊಡೆದಿದ್ದೇನೆ. ಹತ್ತು ಮನೆಯ ಚೀಟಿ ವ್ಯವಹಾರಕ್ಕೂ ಕನ್ನಡದಲ್ಲಿ ನಿಯಮ ಅಚ್ಚಾಗುತ್ತದೆ. ಆದರೆ ಕುದುರೆ ರೇಸಿನ ನಿಯಮಗಳು ಕನ್ನಡದಲ್ಲಿ ಅಚ್ಚಾದದ್ದನ್ನು ಇವತ್ತಿನವರೆಗೆ ಕಣ್ಣಾರೆ ಕಂಡಿಲ್ಲ. ರೇಸ್ ಪುಸ್ತಕ ಇಂಗ್ಲಿಷ್. ವಿಚಾರಣೆಯ ಟಿಪ್ಪಣಿ ಇಂಗ್ಲಿಷ್. ದುಡ್ಡು ಮಾತ್ರ ಕನ್ನಡದವನ ಜೇಬಿನದು! ಆಟೋ ಓಡಿಸುವವನು, ಗಾರೆ ಕೆಲಸದವನು, ರಿಟೈರ್ ಆದ ಗುಮಾಸ್ತ, ಇವರೆಲ್ಲ ಬಾಜಿ ಕಟ್ಟುವುದು ಯಾರೋ ಪಿಸುಗುಟ್ಟಿದ ‘ಟಿಪ್’ ನಂಬಿ. ಓದಲಾಗದವನ ಕೈಗೆ ಪುಸ್ತಕ ಕೊಟ್ಟು ‘ಇದು ಕೌಶಲದ ಆಟ ಕಣಯ್ಯ’ ಎಂದರೆ ಅದು ಆಟವಲ್ಲ, ಟೋಪಿ.

ಆಡಿಸುವವರೇ ಅಂಪೈರ್!

ರೇಸ್ ನಡೆಸಲು ಲೈಸೆನ್ಸ್ ಕೊಡುವುದು ಸರ್ಕಾರ. ಅದಕ್ಕೆ 1952ರ ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯಿದೆ ಇದೆ. ಆದರೆ ಲೈಸೆನ್ಸ್ ಕೈಗೆ ಬಂದ ಮೇಲೆ ರೇಸ್ ನಡೆಸುವವರು ಯಾರು? ಕ್ಲಬ್. ತರಬೇತುದಾರನಿಗೆ, ಜಾಕಿಗೆ ಪರವಾನಗಿ ಕೊಡುವವರು ಯಾರು? ಕ್ಲಬ್. ತಪ್ಪು ಮಾಡಿದವನನ್ನು ವಿಚಾರಿಸುವವರು? ಕ್ಲಬ್ಬಿನ ಸ್ಟೀವರ್ಡ್‌ಗಳು. ಅವರ ಮೇಲೆ ಅಪೀಲು? ಅದೂ ಕ್ಲಬ್ಬಿನ ಅಂಗಳದಲ್ಲೇ. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಬ್ಯಾಟ್ ತಂದವನೇ ಅಂಪೈರ್ ಆದರೆ ಹುಡುಗರು ಜಗಳ ತೆಗೆಯುತ್ತಾರೆ. ಕೋಟಿಗಟ್ಟಲೆ ಬಾಜಿ ನಡೆಯುವ ಕಡೆ ಯಾರೂ ಕೇಳುವುದಿಲ್ಲ.

2017ರ ಮಾರ್ಚ್ ನೆನಪಿದೆಯೇ? ‘ಕ್ವೀನ್ ಲತೀಫಾ’ ಎಂಬ ಕುದುರೆ ಬೆಂಗಳೂರಿನಲ್ಲಿ ರೇಸ್ ಗೆದ್ದಿತು. ಆಮೇಲೆ ಅದರ ಮೂತ್ರ ಪರೀಕ್ಷೆಯಲ್ಲಿ ಪ್ರೊಕೇನ್ ಎಂಬ ನಿಷೇಧಿತ ಮದ್ದು ಸಿಕ್ಕಿತು. ನೋವು ಗೊತ್ತಾಗದಂತೆ ಮಾಡುವ ಮದ್ದು ಅದು. ನೋವು ತಿಳಿಯದ ಕುದುರೆ ಮುರಿಯುವ ಕಾಲಿನಲ್ಲೂ ಓಡುತ್ತದೆ. ಕುದುರೆಗೂ ಅಪಾಯ, ಮೇಲೆ ಕೂತ ಜಾಕಿಗೂ ಅಪಾಯ. ವಿಷಯವನ್ನು ಹೊತ್ತಿಗೆ ಸರಿಯಾಗಿ ಹೊರಗೆ ಹೇಳಲಿಲ್ಲ ಎಂಬ ಆರೋಪ ಎದ್ದು, ಪ್ರಕರಣ ಪೊಲೀಸರ ಮೆಟ್ಟಿಲು ಹತ್ತಿತು. ಅವತ್ತು ಬೇರೆ ಕುದುರೆಗೆ ದುಡ್ಡು ಕಟ್ಟಿ ಸೋತವನು ಯಾರ ಬಾಗಿಲು ತಟ್ಟಬೇಕು? ಹೇಳಿ, ಯಾರ ಬಾಗಿಲು?

ಈ ಕ್ಲಬ್ ಸಂಸ್ಕೃತಿ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿಯೂ ಹಿಂದೆ ದೊಡ್ಡ ಮನುಷ್ಯರ ಜಾಕಿ ಕ್ಲಬ್ಬೇ ಎಲ್ಲವನ್ನೂ ಆಳುತ್ತಿತ್ತು. ಅವರಿಗೇ ಇದು ಸರಿಯಲ್ಲ ಅನ್ನಿಸಿತು. ರೇಸನ್ನು ಅಂಕೆಯಲ್ಲಿಡುವ ಕೆಲಸವನ್ನು ಕ್ಲಬ್ಬಿನ ಕೈಯಿಂದ ಬಿಡಿಸಿದರು. 2007ರಿಂದ ಅಲ್ಲಿ ಬ್ರಿಟಿಷ್ ಹಾರ್ಸ್‌ರೇಸಿಂಗ್ ಅಥಾರಿಟಿ ಎಂಬ ಪ್ರತ್ಯೇಕ ಸಂಸ್ಥೆಯೇ ಇದೆ. ಬಿಳಿಯ ದೊರೆ ಬಿಟ್ಟ ಚಾಳಿಯನ್ನು ಇಲ್ಲಿನ ಕಂದು ದೊರೆಗಳು ಇನ್ನೂ ತಲೆ ಮೇಲೆ ಹೊತ್ತಿದ್ದಾರೆ!

ಬಡವನಿಗೊಂದು ಕಾನೂನು

ಹಳ್ಳಿಯ ಅರಳಿಕಟ್ಟೆಯಲ್ಲಿ ನಾಲ್ಕು ಜನ ಇಸ್ಪೀಟು ಹಾಕಿದರೆ ಪೊಲೀಸ್ ಜೀಪು ಬರುತ್ತದೆ. ಕೋಳಿ ಅಂಕ ಕಟ್ಟಿದರೆ ಕೋಳಿಯ ಸಮೇತ ಠಾಣೆಗೆ. ಲಾಟರಿಯನ್ನು 2007ರಲ್ಲಿ ನಿಷೇಧಿಸಿದರು, ಮನೆ ಹಾಳು ಮಾಡುತ್ತದೆ ಎಂದು. ಒಳ್ಳೆಯದೇ ಆಯಿತು. 2021ರಲ್ಲಿ ಆನ್‌ಲೈನ್ ಜೂಜಿನ ಮೇಲೆ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದರು. ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ತಳ್ಳಿಹಾಕಿತು, ಅದು ಬೇರೆ ಮಾತು. ಆದರೆ ಆ ತಿದ್ದುಪಡಿ ಬರೆಯುವಾಗಲೂ ಒಂದು ಕಡೆ ಮಾತ್ರ ಪೆನ್ನು ಮೆತ್ತಗಾಗಿತ್ತು. ರೇಸ್ ಕೋರ್ಸಿನ ಕುದುರೆ ಬಾಜಿಗೆ ವಿನಾಯಿತಿ!

ಇನ್ನು ಕಂಬಳ. ನಮ್ಮ ಕರಾವಳಿಯ ರೈತ ತನ್ನ ಗದ್ದೆಯಲ್ಲಿ ತಾನೇ ಸಾಕಿದ ಕೋಣ ಓಡಿಸುವ ಆಟ. ಅದಕ್ಕೆ 2016ರಲ್ಲಿ ಹೈಕೋರ್ಟಿನ ತಡೆ ಬಿತ್ತು. ಜನ ಬೀದಿಗಿಳಿದರು. 2017ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರಿನಲ್ಲಿ ಅರಮನೆ ಮೈದಾನದಲ್ಲಿ ಕಂಬಳ ನೋಡಿದವರು ನಿಮ್ಮಲ್ಲೂ ಎಷ್ಟೋ ಜನ ಇರಬಹುದು. ಕೋಣದ ಬೆನ್ನಿಗೆ ಬೆತ್ತ ತಾಗಿತೇ ಎಂದು ದೇಶವೆಲ್ಲ ಭೂತಕನ್ನಡಿ ಹಿಡಿಯಿತು. ಹಿಡಿಯಲಿ, ಪ್ರಾಣಿಗೆ ಹಿಂಸೆ ಆಗಬಾರದು. ಅದೇ ಭೂತಕನ್ನಡಿ ಚಾಟಿ ಹಿಡಿದು ಓಡುವ ರೇಸ್ ಕುದುರೆಯ ಬೆನ್ನ ಮೇಲೆ ಯಾಕೆ ನಿಲ್ಲುವುದಿಲ್ಲ? ರೈತನ ಆಟ ಕೋರ್ಟಿನ ಕಟಕಟೆಯಲ್ಲಿ, ಶ್ರೀಮಂತರ ಆಟ ಕ್ಲಬ್ಬಿನ ಸೋಫಾದಲ್ಲಿ!

ತೆರಿಗೆ ಏರಿತು, ಬುಕ್ಕಿ ಬೆಳೆದ

ಸರ್ಕಾರಕ್ಕೆ ಗೊತ್ತಿರುವುದು ಒಂದೇ ವಿದ್ಯೆ, ತೆರಿಗೆ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಬಾಜಿಯ ಪೂರ್ತಿ ಮೊತ್ತದ ಮೇಲೆ 28 ಶೇಕಡಾ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಅದೇ ತೆರಿಗೆ 40 ಶೇಕಡಾ. ಜೂಜಿಗೆ ಭಾರಿ ತೆರಿಗೆ ಹಾಕಿದರೆ ಸರಿಯೇ ಆಯಿತಲ್ಲ ಅನ್ನುತ್ತೀರಾ? ಸ್ವಲ್ಪ ನಿಲ್ಲಿ. ಟಿಕೆಟ್ ಪಡೆದು ಕಿಟಕಿಯಲ್ಲಿ ಬಾಜಿ ಕಟ್ಟುವವನಿಗೆ ಈ ತೆರಿಗೆ. ಗಲ್ಲಿಯ ಟೀ ಅಂಗಡಿ ಪಕ್ಕ ಫೋನ್ ಹಿಡಿದು ನಿಂತ ಬುಕ್ಕಿಯ ಹತ್ತಿರ ತೆರಿಗೆ ಇಲ್ಲ, ರಸೀದಿ ಇಲ್ಲ, ಸಾಲಕ್ಕೂ ಆಡಿಸುತ್ತಾನೆ. ಜನ ಎಲ್ಲಿಗೆ ಹೋಗುತ್ತಾರೆ?

ಗಲ್ಲಿಯ ಮಾತು ಬಿಡಿ, ರೇಸ್ ಕೋರ್ಸಿನ ಒಳಗೇ ಏನಾಯಿತು? 2024ರ ಜನವರಿಯಲ್ಲಿ ಸಿಸಿಬಿ ಪೊಲೀಸರು ಅಲ್ಲಿನ ಬುಕ್ಕಿಗಳ ಮೇಲೆ ದಾಳಿ ಮಾಡಿ 3 ಕೋಟಿ ರೂಪಾಯಿಗೂ ಹೆಚ್ಚು ನಗದು ಹಿಡಿದರು. ಲೆಕ್ಕಕ್ಕೆ ತೋರಿಸದೆ ಬಾಜಿ ಪಡೆದು ತೆರಿಗೆ ತಪ್ಪಿಸಿದ್ದಾರೆ ಎಂಬುದು ಆರೋಪ. ಆಮೇಲೆ ಸರ್ಕಾರ ಲೈಸೆನ್ಸ್ ಕೊಡಲಿಲ್ಲ. ಜೂನ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ರೇಸಿಗೆ ಮಧ್ಯಂತರ ಅನುಮತಿ ಕೊಟ್ಟಿತು, ದಿನಗಳಲ್ಲೇ ವಿಭಾಗೀಯ ಪೀಠ ತಡೆ ಕೊಟ್ಟಿತು. ಇಷ್ಟೆಲ್ಲ ಹಗ್ಗಜಗ್ಗಾಟದಲ್ಲಿ ಬಾಜಿ ಕಟ್ಟುವವನ ಹಿತ ಕಾಯುವ ಒಂದು ಹೊಸ ನಿಯಮವಾದರೂ ಬಂದದ್ದು ನಿಮಗೆ ಕಂಡಿತೇ?

ನನ್ನ ಪ್ರೆಸ್ಸಿನಲ್ಲಿ ಬಿಲ್ ಬುಕ್ ಮಾಡುವಾಗ ಹಾಳೆ ಹಾಳೆಗೂ ನಂಬರಿಂಗ್ ಮಷೀನ್ ಒತ್ತುತ್ತೇವೆ. ಒಂದು ನಂಬರ್ ತಪ್ಪಿದರೆ ಗಿರಾಕಿ ಇಡೀ ಪುಸ್ತಕ ವಾಪಸ್ ತರುತ್ತಾನೆ. ಜಿ.ಎಸ್.ಟಿ. ರಿಟರ್ನ್ ಒಂದು ದಿನ ತಡವಾದರೆ ನನಗೆ ದಂಡ. ಕುದುರೆ ಬಾಜಿಯ ಲೆಕ್ಕ ಹಿಡಿಯಲು ಮಾತ್ರ ಸಿಸಿಬಿಯೇ ನುಗ್ಗಬೇಕಾಯಿತು!

ನನ್ನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಒಬ್ಬ ಹುಡುಗ ವಾರದ ಬಟವಾಡೆಯನ್ನು ಬನಶಂಕರಿಯ ಒಬ್ಬ ಬುಕ್ಕಿಯ ಕೈಗೆ ಸುರಿದು ಬರುತ್ತಿದ್ದ. ಒಂದು ಸಲ ಅವನ ಕುದುರೆ ಗೆದ್ದಿತು. ಬುಕ್ಕಿ ದುಡ್ಡು ಕೊಡಲಿಲ್ಲ. ಕೇಳಲು ಹೋದರೆ ‘ರಸೀದಿ ಇದೆಯಾ?’ ಅಂದ. ಠಾಣೆಗೆ ಹೋದರೆ ತಾನೇ ಆರೋಪಿ ಆಗುತ್ತೇನೆಂದು ಹುಡುಗ ಬಾಯಿ ಮುಚ್ಚಿಕೊಂಡ. ಇಬ್ಬರು ಮಕ್ಕಳ ಶಾಲೆ ಫೀಸು ಆ ವರ್ಷ ಅವನ ಹೆಂಡತಿಯ ಓಲೆಯಿಂದ ಕಟ್ಟಿದ್ದಾಯಿತು. ತೆರಿಗೆಯನ್ನು ಬೆಟ್ಟದ ಮೇಲೆ ಇಟ್ಟು, ಕೆಳಗಿನ ಕಳ್ಳದಾರಿಗೆ ಕಾವಲೇ ಇಡದಿದ್ದರೆ ಆಗುವುದು ಇದೇ.

ಹಾಗಾದರೆ ಮುಚ್ಚಿಬಿಡೋಣವೇ?

ಕೆಲವರು ಅದನ್ನೇ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಬೆಳಗಿನ ಜಾವಕ್ಕೇ ಎದ್ದು ಲಾಯದಲ್ಲಿ ಲದ್ದಿ ಬಾಚುವ ಸೈಸ್‌ಗಳಿದ್ದಾರೆ, ಲಾಳ ಹೊಡೆಯುವವರಿದ್ದಾರೆ, ಹುಲ್ಲು ಹುರುಳಿ ತರುವವರಿದ್ದಾರೆ. ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕಿದ ನೆಲವಿದೆ. ರಾತ್ರೋರಾತ್ರಿ ಬೀಗ ಹಾಕಿದರೆ ಬೀದಿಗೆ ಬರುವುದು ಕ್ಲಬ್ಬಿನ ಮೆಂಬರ್ ಅಲ್ಲ, ಲಾಯದ ಕೂಲಿಯವನು. ಲಾಭ ಆಗುವುದು ಗಲ್ಲಿಯ ಬುಕ್ಕಿಗೆ. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಓಡುವ ಕುದುರೆಗೆ ಅವನು ಇಲ್ಲೇ ಕೂತು ಬಾಜಿ ಕಟ್ಟಿಸುತ್ತಾನೆ.

ಆದರೆ ಆಗುವುದಿಲ್ಲ ಎಂದು ಸರ್ಕಾರ ಕೈ ಚೆಲ್ಲುವುದು ಸುಳ್ಳು. ತಮಿಳುನಾಡು ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಗಿಂಡಿಯ ಸುಮಾರು 160 ಎಕರೆಯ ಗುತ್ತಿಗೆ ರದ್ದು ಮಾಡಿ ಜಾಗಕ್ಕೆ ಕೈ ಹಾಕಿತು. ಅದೇ ವರ್ಷ ಮುಂಬಯಿಯ ಮಹಾಲಕ್ಷ್ಮಿಯಲ್ಲಿ 211 ಎಕರೆಯ ಪೈಕಿ 120 ಎಕರೆಯನ್ನು ಸಾರ್ವಜನಿಕ ಉದ್ಯಾನಕ್ಕೆ ಬಿಡುವ ತೀರ್ಮಾನವಾಯಿತು. ಅವರಿಗಿರುವ ಬೆನ್ನುಮೂಳೆ ನಮ್ಮವರಿಗೆ ಇಲ್ಲವೇ?

ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಲೈಸೆನ್ಸಿಗೆ ಷರತ್ತು ಹಾಕುವ ಅಧಿಕಾರವನ್ನು 1952ರ ಕಾಯಿದೆಯೇ ಸರ್ಕಾರದ ಕೈಗೆ ಕೊಟ್ಟಿದೆ. ನಾವು ಕೇಳುವುದು ಇಷ್ಟು:

1. ರೇಸಿನ ನಿಯಮ, ರೇಸ್ ಪುಸ್ತಕ, ವಿಚಾರಣೆಯ ತೀರ್ಮಾನ ಎಲ್ಲವೂ ಕನ್ನಡದಲ್ಲಿ ಅಚ್ಚಾಗಬೇಕು. ಇಲ್ಲದಿದ್ದರೆ ಲೈಸೆನ್ಸ್ ಇಲ್ಲ.

2. ಮದ್ದಿನ ಪರೀಕ್ಷೆಯ ವರದಿ ಬಂದ ದಿನವೇ ಜನರ ಮುಂದೆ ಬರಬೇಕು.

3. ವಿಚಾರಣೆ ಕ್ಲಬ್ಬಿನ ಕೈಯಿಂದ ತಪ್ಪಬೇಕು. ನಿವೃತ್ತ ನ್ಯಾಯಾಧೀಶರು, ಪಶುವೈದ್ಯರು, ಲಾಯದ ಕಾರ್ಮಿಕರ ಪ್ರತಿನಿಧಿ ಇರುವ ಸ್ವತಂತ್ರ ಮಂಡಳಿ ಬೇಕು. ಬಾಜಿ ಕಟ್ಟುವವನು ಕನ್ನಡದಲ್ಲಿ ದೂರು ಬರೆದರೆ ಅದು ಉತ್ತರ ಕೊಡಬೇಕು.

4. ಪ್ರತಿ ಬಾಜಿಗೂ ನಂಬರ್ ಹಾಕಿದ ರಸೀದಿ. ಒಂದು ನಂಬರ್ ತಪ್ಪಿದರೂ ಬುಕ್ಕಿಯ ಪರವಾನಗಿ ರದ್ದು.

5. ಜಾಗದ ವ್ಯಾಜ್ಯಕ್ಕೆ ಗಡುವು. ರೇಸು ಊರ ಹೊರಗೆ ಹೋದರೆ ಲಾಯದವರ ಕೆಲಸ, ಮನೆ ಮೊದಲು. ಕ್ಲಬ್ಬಿನ ಬಾರು ಆಮೇಲೆ. ಉಳಿದ 85 ಎಕರೆಯಲ್ಲಿ ಒಂದು ಅಡಿಯೂ ಬಿಲ್ಡರ್ ಪಾಲಾಗಬಾರದು. ಅಲ್ಲಿ ಮರ ಬೆಳೆಯಲಿ, ನಮ್ಮ ಮಕ್ಕಳು ಓಡಲಿ.

ತಮ್ಮಂದಿರೇ, ತಂಗಿಯರೇ, ಇದು ಕುದುರೆಯ ವಿಷಯ, ನಮಗೇನು ಎಂದು ಪುಟ ಮಗುಚಬೇಡಿ. ನಮ್ಮ ನೆಲದ ಮೇಲೆ, ನಮ್ಮ ದುಡ್ಡಿನಲ್ಲಿ, ನಮಗೆ ತಿಳಿಯದ ಭಾಷೆಯಲ್ಲಿ ನಡೆಯುವ ಯಾವ ಆಟವೂ ನಮ್ಮ ವಿಷಯವೇ. ಮುಂದಿನ ಸಲ ಮತ ಕೇಳಲು ನಿಮ್ಮ ಬೀದಿಗೆ ಶಾಸಕರು ಬಂದಾಗ ಹಾರ ಹಾಕುವ ಮೊದಲು ಒಂದೇ ಪ್ರಶ್ನೆ ಹಾಕಿ: ‘2009ಕ್ಕೆ ಗುತ್ತಿಗೆ ಮುಗಿದ 85 ಎಕರೆಯ ಬಗ್ಗೆ ನೀವು ಸದನದಲ್ಲಿ ಎಷ್ಟು ಸಲ ಬಾಯಿ ಬಿಟ್ಟಿದ್ದೀರಿ?’

ಉತ್ತರ ಬರದಿದ್ದರೆ ಹಾರವನ್ನು ಕೈಯಲ್ಲೇ ಇಟ್ಟುಕೊಳ್ಳಿ.