ಕಾಗದ ಇದ್ದವನಿಗೆ ಕಾಡು, ಇಲ್ಲದವನಿಗೆ ಕಾನೂನು

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯ ಮದ್ದೂರು ಚೆಕ್‌ಪೋಸ್ಟನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. 2009ರಿಂದ ಅಲ್ಲಿ ರಾತ್ರಿ 9ಕ್ಕೆ ಗೇಟು ಬೀಳುತ್ತದೆ, ಬೆಳಿಗ್ಗೆ 6ಕ್ಕೆ ಏಳುತ್ತದೆ. ಊಟಿ ರಸ್ತೆಯಲ್ಲೂ ಹಾಗೇ. ಬಂಡೀಪುರದ ಪ್ರಾಣಿಗಳು ಲಾರಿ ಚಕ್ರಕ್ಕೆ ಸಿಕ್ಕಿ ಸಾಯಬಾರದು ಅಂತ ಮಾಡಿದ ಈ ತಡೆಯನ್ನು 2010ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ನಾವು ಇದನ್ನು ವಿರೋಧಿಸುವವರಲ್ಲ. ಕಾಡು ಹೋದರೆ ಮಳೆ ಹೋಗುತ್ತದೆ. ಮಳೆ ಹೋದರೆ ಮೊದಲು ಕೂಲಿ ತಪ್ಪುವುದು ನಮ್ಮ ಕೇರಿಯವರಿಗೇ.

ಆದರೆ ಆ ಗೇಟಿನ ಲೆಕ್ಕವನ್ನು ಸ್ವಲ್ಪ ನೋಡಿ. ಟಮೋಟ ತುಂಬಿದ ಲಾರಿ ಒಂಬತ್ತರೊಳಗೆ ದಾಟದಿದ್ದರೆ ಬೆಳಗಿನತನಕ ನಿಲ್ಲಬೇಕು. ಬಾಡಿದ ಮಾಲಿನ ನಷ್ಟವನ್ನು ವ್ಯಾಪಾರಿ ರೈತನ ರೇಟಿನಲ್ಲಿ ಮುರಿದುಕೊಳ್ಳಬಲ್ಲ. ರೈತ ಅದನ್ನು ಕೂಲಿಯಲ್ಲಿ ಮುರಿದುಕೊಳ್ಳಬಲ್ಲ. ಟಮೋಟ ಕಿತ್ತ ಹೆಂಗಸು ಯಾರ ಹತ್ತಿರ ಮುರಿದುಕೊಳ್ಳಬೇಕು? ಪರಿಸರದ ಕಾನೂನು ಮೇಲೆ ಹುಟ್ಟುತ್ತದೆ. ಅದರ ಭಾರ ಮಾತ್ರ ಮೆಟ್ಟಿಲು ಮೆಟ್ಟಿಲು ಇಳಿದು ಕೊನೇ ಮೆಟ್ಟಿಲಲ್ಲಿ ಕೂತವರ ತಲೆ ಮೇಲೆ ಬೀಳುತ್ತದೆ. ಜಾತಿಯ ಏಣಿಗೂ ಈ ಏಣಿಗೂ ಬಹಳ ವ್ಯತ್ಯಾಸವಿಲ್ಲ.

ಈಗ ಬಿಳಿಗಿರಿರಂಗನ ಬೆಟ್ಟಕ್ಕೆ ಬನ್ನಿ. 1974ರಲ್ಲಿ ಅದು ವನ್ಯಧಾಮ ಆಯಿತು. ಆಮೇಲೂ ಸೋಲಿಗರು ಜೇನು, ನೆಲ್ಲಿ, ಪಾಚಿ, ಸೀಗೆ ತಂದು ಲ್ಯಾಂಪ್ಸ್ ಸೊಸೈಟಿಗೆ ಕೊಟ್ಟು ನಾಲ್ಕು ಕಾಸು ನೋಡುತ್ತಿದ್ದರು. 1972ರ ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿ ಬಂತು. ಕಾಡಿನ ಹುಟ್ಟುವಳಿಯನ್ನು ಮನೆಗೆ ಬಳಸಿಕೋ, ಮಾರಬೇಡ ಅಂದಿತು. ಕೆಲವೇ ವರ್ಷಗಳಲ್ಲಿ ಬೆಟ್ಟದಲ್ಲಿ ಆ ವ್ಯಾಪಾರ ನಿಂತುಹೋಯಿತು. ಜೇನು ನೆಕ್ಕಬಹುದು, ಸರಿ. ಉಪ್ಪು ಎಲ್ಲಿಂದ ತರೋದು? ಮಗನ ಪುಸ್ತಕಕ್ಕೆ ದುಡ್ಡೆಲ್ಲಿ? ಅದೇ ಬೆಟ್ಟದೊಳಗೆ ಕಾಫಿ ಎಸ್ಟೇಟುಗಳಿವೆ. ಎಸ್ಟೇಟಿನ ಕಾಫಿ ಮಾರುಕಟ್ಟೆಗೆ ಇಳಿಯಬಹುದು, ಸೋಲಿಗನ ಜೇನು ಇಳಿಯಬಾರದು! ಎಸ್ಟೇಟಿನವನ ಹತ್ತಿರ ಕಾಗದ ಇತ್ತು, ಸೋಲಿಗನ ಹತ್ತಿರ ಬೆಟ್ಟ ಮಾತ್ರ ಇತ್ತು.

ಸೋಲಿಗರು ಸುಮ್ಮನೆ ಕೂರಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವ, ಮಾರುವ ಹಕ್ಕು ಕಾಡಿನ ಜನರದ್ದು ಅಂತ ಬರೆಯಿತು. ಅದನ್ನು ಹಿಡಿದು ಸಂಘ ಕಟ್ಟಿ, ಗ್ರಾಮಸಭೆ ಸೇರಿಸಿ, ನಕ್ಷೆ ಬರೆದು ಕೇಳಿದರು. 2011ರಲ್ಲಿ ಬೆಟ್ಟದ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಬಂತು. ಅದೇ ವರ್ಷ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಹುಲಿಯ ಕಾಗದ ಒಂದು ಕಡೆ, ಮನುಷ್ಯರ ಕಾಗದ ಇನ್ನೊಂದು ಕಡೆ. ಆ ಹಕ್ಕುಪತ್ರ ಇಲ್ಲದೇ ಹೋಗಿದ್ದರೆ ಸೋಲಿಗರ ಪರವಾಗಿ ಹೇಳಲು ಏನು ಉಳಿಯುತ್ತಿತ್ತು?

ಇನ್ನು ಕಲ್ಲು. ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಐದು ಹೆಕ್ಟೇರಿಗಿಂತ ಸಣ್ಣ ಕ್ವಾರಿಗೂ ಪರಿಸರ ಅನುಮತಿ ಬೇಕು ಅಂತ 2012ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು ಅನ್ನುವುದು ಗಣಿ ಸುರಕ್ಷತೆಯ ನಿಯಮ. ಇಷ್ಟೆಲ್ಲ ಇದ್ದೂ 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಕ್ವಾರಿಯಲ್ಲಿ ಗುಡ್ಡ ಕುಸಿದು ಕೂಲಿಗಳು ಸತ್ತರು. ದೂರದ ಉತ್ತರ ಪ್ರದೇಶದಿಂದ ಹೊಟ್ಟೆಪಾಡಿಗೆ ಬಂದವರು ಅವರಲ್ಲಿದ್ದರು. ಜೇನಿನ ಡಬ್ಬ ಹಿಡಿದವನನ್ನು ತಡೆಯಲು ಕಾನೂನಿಗೆ ಕೈಯಿದೆ. ಗುಡ್ಡ ಬೀಳುವ ಮೊದಲು ಅದನ್ನು ನೋಡಲು ಕಣ್ಣು ಯಾಕಿಲ್ಲ?

ಹಾಗಾದರೆ ಕಾನೂನೇ ಬೇಡವೇ? ಹಾಗೆ ಹೇಳುವವರನ್ನು ನಂಬಬೇಡಿ. ಇವತ್ತು ನಮ್ಮ ಕಷ್ಟ ತೋರಿಸಿ ಕಾಯಿದೆ ಸಡಿಲ ಮಾಡಿ ಅನ್ನುವ ಧಣಿಗಳು, ಸಡಿಲವಾದ ಮೇಲೆ ನಮ್ಮ ಹೆಸರು ಮರೆಯುತ್ತಾರೆ. ನಮ್ಮ ಜಗಳ ಕಾನೂನಿನ ಜೊತೆ ಅಲ್ಲ, ಅದು ಬಡವನ ಮೇಲೆ ಮಾತ್ರ ನಡೆಯುವುದರ ಜೊತೆ.

ಇದು ಹೊಸ ಜಗಳವೂ ಅಲ್ಲ. ಸಾರ್ವಜನಿಕ ಕೆರೆ ಅಸ್ಪೃಶ್ಯರಿಗೂ ತೆರೆದಿದೆ ಅಂತ ಬೊಂಬಾಯಿ ಶಾಸನ ಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡದ ಪುರಸಭೆಯೂ ಒಪ್ಪಿತ್ತು. ಆದರೂ ಒಬ್ಬರೂ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿದ ಮೇಲೆಯೇ ಆ ಠರಾವಿಗೆ ಜೀವ ಬಂದದ್ದು. ಕಪಾಟಿನೊಳಗಿನ ಹಕ್ಕು ಹಕ್ಕಲ್ಲ.

ಗೆಳೆಯರೇ, ಹಾಸ್ಟೆಲಿನ ಅನ್ನ ಉಂಡು ನಾಲ್ಕಕ್ಷರ ಕಲಿತ ನಾವು ಮಾಡಬಹುದಾದ ಎರಡು ಕೆಲಸಗಳನ್ನು ಹೇಳುತ್ತೇವೆ.

ಒಂದು. ನಿಮ್ಮೂರ ಪಕ್ಕ ಕ್ವಾರಿ ಇದ್ದರೆ ಪಂಚಾಯ್ತಿಗೆ ಹೋಗಿ ಅದರ ಪರಿಸರ ಅನುಮತಿ ಪತ್ರ ಕೇಳಿ. 2006ರ ಅಧಿಸೂಚನೆಯ ಪ್ರಕಾರ ಹಾಕಿದ ಷರತ್ತುಗಳನ್ನು ಪಾಲಿಸಿದ್ದೇವೆ ಅಂತ ಮಾಲೀಕ ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. ಆ ವರದಿ ಗುಟ್ಟಿನದ್ದಲ್ಲ, ಸಾರ್ವಜನಿಕರದ್ದು. ಕೊಡದಿದ್ದರೆ 2005ರ ಮಾಹಿತಿ ಹಕ್ಕಿನಡಿ ಅರ್ಜಿ ಬರೆಯಿರಿ. ಒಬ್ಬನೇ ಹೋಗಬೇಡಿ, ಹತ್ತು ಜನ ಹೋಗಿ.

ಎರಡು. ಅರಣ್ಯ ಹಕ್ಕು ಕಾಯಿದೆ ಬುಡಕಟ್ಟಿನವರಿಗೆ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಕಾಡಿನಲ್ಲೇ ಇದ್ದು ಕಾಡನ್ನೇ ನಂಬಿ ಬದುಕಿದ ಬೇರೆಯವರೂ ಕೇಳಬಹುದು, ನಮ್ಮವರೂ ಕೇಳಬಹುದು. ಆದರೆ ಮೂರು ತಲೆಮಾರು, ಅಂದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. ಓದಲು ಬಿಡದೆ ಇಟ್ಟವರ ಹತ್ತಿರ 75 ವರ್ಷದ ಕಾಗದ ಕೇಳುತ್ತಾರಲ್ಲ, ಇದಕ್ಕಿಂತ ಕ್ರೂರ ತಮಾಷೆ ಉಂಟೆ? ಆದರೂ ನಿಯಮದೊಳಗೇ ಒಂದು ಬಾಗಿಲಿದೆ. ಅರ್ಜಿದಾರರಲ್ಲದ ಊರ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ. ಹಳೇ ಬಾವಿ ಸಾಕ್ಷಿ. ಸ್ಮಶಾನ ಸಾಕ್ಷಿ. ದೇವರ ಗುಡ್ಡೆ ಸಾಕ್ಷಿ. ಒಂದು ಸಾಲದು, ಒಂದಕ್ಕಿಂತ ಹೆಚ್ಚು ಸಾಕ್ಷಿ ಸೇರಿಸಬೇಕು, ಅಷ್ಟೆ.

ರಜಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ಕು ತಗೊಂಡು ಹೋಗಿ. ಜಗುಲಿ ಮೇಲೆ ಕೂತ ಮುದುಕಿಯ ಹತ್ತಿರ ಕೂತು ಕೇಳಿ. "ಈ ಬಾವಿ ನಮ್ಮಪ್ಪನ ಕಾಲ್ದಲ್ಲಿ ತೋಡುದ್ದು ಕಣ್ ಮಗ" ಅಂತ ಅವಳು ಅಂದರೆ ಅದನ್ನು ಅವಳ ಮಾತಲ್ಲೇ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಗ್ರಾಮಸಭೆಗೆ ಕೊಡಿ. ಇಷ್ಟು ದಿನ ಆ ಹೆಬ್ಬೆಟ್ಟನ್ನು ಸಾಲದ ಪತ್ರಕ್ಕೆ, ಜೀತದ ಪತ್ರಕ್ಕೆ ಒತ್ತಿಸಿಕೊಂಡರು. ಒಂದು ಸಲ ಅದು ಅವಳ ಹಕ್ಕಿಗೆ ಬೀಳಲಿ.

ಜೈ ಭೀಮ್.