ಗಡಿಯಾರ ನನ್ನದು, ಬಿಡಿಭಾಗ ಅವರದು

ಕಳೆದ ಮಳೆಗಾಲದಲ್ಲಿ ನನಗೊಂದು ಅಂದಾಜು ಪಟ್ಟಿ ಬಂತು. ಕೈಗಡಿಯಾರದ ಸರ್ವಿಸ್‌ಗೆ ತಗಲುವ ಖರ್ಚಿನ ಪಟ್ಟಿ. ಒಳಯಂತ್ರದ ಪೂರ್ಣ ಸರ್ವಿಸ್‌ಗೆ 42,000, ಕೀ ಗುಂಡಿ ಮತ್ತು ಅದರ ಕಡ್ಡಿಗೆ 8,000, ಗಾಜಿಗೆ 6,000, ಮುಳ್ಳುಗಳಿಗೆ 5,000. ತೆರಿಗೆ ಸೇರಿ 71,980 ರೂಪಾಯಿ. ಅಷ್ಟು ದುಡ್ಡು ನಾನು ಗಳಿಸಬೇಕಾದರೆ ಒಂದು ದಪ್ಪ ಪುಸ್ತಕವನ್ನೇ ಅನುವಾದ ಮಾಡಬೇಕು.

ಇಂಥ ಗಡಿಯಾರ ನಾನಾಗಿ ಕೊಂಡದ್ದಲ್ಲ. ಚಿಕ್ಕಪ್ಪ ಇಪ್ಪತ್ತೆರಡು ವರ್ಷ ಬಹ್ರೇನಿನಲ್ಲಿ ದುಡಿದವರು. ಕರಾವಳಿಯ ಅನೇಕರ ಹಾಗೆ ಊರಲ್ಲಿ ಮನೆ ಕಟ್ಟಿಸಿ, ತಂಗಿಯರ ಮದುವೆ ಮಾಡಿಸಿ, ಎಲ್ಲ ಮುಗಿದ ಮೇಲೆ ತನಗೆಂದು ಕೊಂಡ ಒಂದೇ ದುಬಾರಿ ವಸ್ತು ಆ ಸ್ವಿಸ್ ಆಟೋಮ್ಯಾಟಿಕ್. ಅವರು ತೀರಿಕೊಂಡ ಮೇಲೆ ಚಿಕ್ಕಮ್ಮ ಅದನ್ನು ಒಂದು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಮುಂಬೈಗೆ ತಂದು ಕಟ್ಟಿಕೊಂಡೆ. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳತೊಡಗಿತು. ಕೀ ಗುಂಡಿ ಸಡಿಲವಾಯಿತು. ಒಂದು ದಿನ ಬೆಳಿಗ್ಗೆ ನೋಡಿದರೆ ನಿಂತೇಹೋಗಿತ್ತು.

ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ದೆ. ಒಳ್ಳೆಯ ಸೋಫಾ, ಒಳ್ಳೆಯ ಕಾಫಿ, ಬಹಳ ಮರ್ಯಾದೆಯ ಮಾತು. ಹತ್ತು ದಿನದ ಮೇಲೆ ಬಂದದ್ದು ಮೇಲಿನ ಪಟ್ಟಿ. ಮುಳ್ಳುಗಳಿಗೆ ಏನಾಗಿದೆ ಎಂದು ಫೋನಿನಲ್ಲಿ ಕೇಳಿದೆ. ರಾತ್ರಿ ಹೊಳೆಯುವ ಬಣ್ಣ ಮಾಸಿದೆಯಂತೆ. ನನಗೆ ರಾತ್ರಿ ಹೊಳೆಯುವುದು ಬೇಡ, ಮುಳ್ಳು ಹಾಗೇ ಇರಲಿ ಎಂದೆ. ಹಾಗೆ ಬಿಡಿಬಿಡಿಯಾಗಿ ಮಾಡುವುದಿಲ್ಲ. ಎಲ್ಲ ಒಪ್ಪಿದರೆ ಸರ್ವಿಸ್, ಇಲ್ಲವಾದರೆ ಗಡಿಯಾರ ಬಂದ ಸ್ಥಿತಿಯಲ್ಲೇ ವಾಪಸ್. ಬದಲಿಸಿದ ಹಳೆಯ ಭಾಗಗಳನ್ನಾದರೂ ಕೊಡುತ್ತೀರಾ ಎಂದು ಕೇಳಿದೆ. ಅದೂ ಇಲ್ಲ. ಚಿಕ್ಕಪ್ಪ ಮೂವತ್ತು ವರ್ಷ ನೋಡಿದ ಮುಳ್ಳುಗಳನ್ನು ತೆಗೆಯುವುದಕ್ಕೆ ನಾನೇ ದುಡ್ಡು ಕೊಡಬೇಕು, ಆಮೇಲೆ ಆ ಮುಳ್ಳುಗಳು ಅವರ ಪಾಲು.

ಅನುವಾದದ ಚಾಳಿಯವರು ಯಾವ ಕಾಗದವನ್ನೂ ಸುಮ್ಮನೆ ಓದುವುದಿಲ್ಲ. ಆ ಇಂಗ್ಲಿಷ್ ಪಟ್ಟಿಯನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದೆ: ‘ಬದಲಿಸುವುದು ಅಗತ್ಯವೆಂದು ಕಂಡುಬಂದಿದೆ.’ ಯಾರಿಗೆ ಕಂಡುಬಂತು? ಯಾವುದಕ್ಕೆ ಅಗತ್ಯ? ಗಡಿಯಾರ ನಡೆಯುವುದಕ್ಕೋ, ಹೊಸದರಂತೆ ಕಾಣುವುದಕ್ಕೋ? ಇದು ನಮ್ಮ ಸರ್ಕಾರಿ ಕನ್ನಡಕ್ಕೂ ಇರುವ ಕಾಯಿಲೆ. ತೀರ್ಮಾನ ಇರುತ್ತದೆ, ತೀರ್ಮಾನಿಸಿದವರು ಇರುವುದಿಲ್ಲ.

ಪದಗಳ ವಿಷಯದಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ‘ದುರಸ್ತಿ’ ಎಂಬ ಪದವಿದೆ. ಸರಿಯಾದದ್ದು ಎಂಬ ಅರ್ಥದ ಫಾರ್ಸಿ ‘ದುರುಸ್ತ್’ನಿಂದ ಬಂದದ್ದು. ದುರಸ್ತಿಗೆ ಒಂದು ಕೊನೆ ಇದೆ: ಕೆಟ್ಟಿತ್ತು, ಸರಿಯಾಯಿತು, ಮುಗಿಯಿತು. ‘ಸರ್ವಿಸ್’ಗೆ ಕೊನೆ ಇಲ್ಲ. ಕೆಡದಿದ್ದರೂ ಮಾಡಿಸಬೇಕು, ಮಾಡಿಸಿದ ಮೇಲೂ ಮತ್ತೆ ಮಾಡಿಸಬೇಕು. ನಾನು ದುರಸ್ತಿ ಕೇಳಿಕೊಂಡು ಹೋಗಿದ್ದೆ, ಅವರ ಹತ್ತಿರ ಇದ್ದದ್ದು ಸರ್ವಿಸ್ ಮಾತ್ರ.

ಆದರೆ ಅವರ ಕಡೆಯ ಮಾತನ್ನೂ ಹೇಳಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. ಯಾಂತ್ರಿಕ ಗಡಿಯಾರಕ್ಕೆ ಎಣ್ಣೆ ಬೇಕೇ ಬೇಕು. ಇವತ್ತಿನ ಅನೇಕ ಸ್ವಿಸ್ ಆಟೋಮ್ಯಾಟಿಕ್‌ಗಳು ಗಂಟೆಗೆ 28,800 ಸಲ ಟಿಕ್ ಎನ್ನುತ್ತವೆ, ಅಂದರೆ ದಿನಕ್ಕೆ 6,91,200 ಸಲ. ಐದು ವರ್ಷಕ್ಕೆ ಲೆಕ್ಕ ಹಾಕಿದರೆ ನೂರಿಪ್ಪತ್ತಾರು ಕೋಟಿ ದಾಟುತ್ತದೆ. ಅಷ್ಟು ಸಲ ಅಲುಗಾಡುವ ಸಣ್ಣ ಅಕ್ಷಗಳು ಕೃತಕ ಮಾಣಿಕ್ಯದ ಕಲ್ಲುಗಳ ಕುಳಿಯಲ್ಲಿ ಕೂತಿರುತ್ತವೆ. ಅಲ್ಲಿರುವ ಎಣ್ಣೆ ಒಂದು ತೊಟ್ಟಿಗಿಂತ ಎಷ್ಟೋ ಕಡಿಮೆ. ವರ್ಷಗಳು ಕಳೆದಂತೆ ಅದು ಒಣಗುತ್ತದೆ, ಅಕ್ಷಗಳು ಸವೆಯತೊಡಗುತ್ತವೆ. ನೀರು ಹೋಗದಂತೆ ತಡೆಯುವ ರಬ್ಬರ್ ಉಂಗುರಗಳೂ ಗಟ್ಟಿಯಾಗುತ್ತವೆ. ಪೂರ್ಣ ಸರ್ವಿಸ್ ಎಂದರೆ ನೂರಕ್ಕೂ ಹೆಚ್ಚು ಭಾಗಗಳನ್ನು ಬಿಚ್ಚಿ, ತೊಳೆದು, ಎಲ್ಲಿ ತೆಳು ಎಣ್ಣೆ ಎಲ್ಲಿ ಮಂದ ಎಣ್ಣೆ ಎಂದು ನೋಡಿ ಹಾಕಿ, ಮತ್ತೆ ಜೋಡಿಸಿ, ಬೇರೆ ಬೇರೆ ಭಂಗಿಯಲ್ಲಿ ವೇಗ ಹೊಂದಿಸಿ, ನೀರಿನ ಒತ್ತಡದ ಪರೀಕ್ಷೆ ಮಾಡಿ ಕೊಡುವುದು. ಅದಕ್ಕೆ ವರ್ಷಗಟ್ಟಲೆ ಕಲಿತ ಕೈ ಬೇಕು. ಆ ಕೈಗೆ ಒಳ್ಳೆಯ ಕೂಲಿ ಸಲ್ಲಬೇಕು. ಇದರಲ್ಲಿ ನನ್ನ ತಕರಾರಿಲ್ಲ. ನನ್ನ ಕೆಲಸಕ್ಕೂ ‘ಪುಟಕ್ಕೆ ಇಷ್ಟೊಂದಾ?’ ಎನ್ನುವವರು ಇದ್ದಾರೆ.

ನನ್ನ ತಕರಾರು ಬೇರೆ. ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ನಾನು ನಮ್ಮ ಸ್ಟೇಷನ್ ಬಳಿಯ ಗಡಿಯಾರದ ಚಾಚಾ ಹತ್ತಿರ ಹೋದೆ. ಒಬ್ಬರು ಕೂತರೆ ತುಂಬುವ ಅಂಗಡಿ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಹಿಂಬದಿ ಬಿಚ್ಚಿ ನೋಡಿದರು. ಯಂತ್ರಕ್ಕೆ ಏನೂ ಆಗಿಲ್ಲ, ಎಣ್ಣೆ ಒಣಗಿದೆ, ಬಿಚ್ಚಿ ತೊಳೆದು ಎಣ್ಣೆ ಹಾಕಲು 5,000 ಎಂದರು. ಕೀ ಗುಂಡಿ? ಅವರು ಲೆನ್ಸ್ ತೆಗೆದು ನನ್ನನ್ನು ನೋಡಿದರು. ‘ಕೂರಿಸುವ ಕೆಲಸ ಹದಿನೈದು ನಿಮಿಷದ್ದು. ಆದರೆ ಆ ಗುಂಡಿ ನನಗೆ ಯಾರು ಕೊಡುತ್ತಾರೆ? ಕಂಪನಿ ನನ್ನಂಥವರಿಗೆ ಮಾರುವುದಿಲ್ಲ.’

ನನ್ನ ಇಡೀ ತಕರಾರು ಈ ಒಂದು ಮಾತಿನಲ್ಲಿದೆ. ಕೆಲಸ ಗೊತ್ತಿರುವವರು ಇದ್ದಾರೆ, ದುಡ್ಡು ಕೊಡಲು ನಾನಿದ್ದೇನೆ, ಭಾಗ ಎಲ್ಲೋ ಒಂದು ಗೋದಾಮಿನಲ್ಲಿದೆ. ಆದರೆ ಅದು ಕಂಪನಿಯ ಬಾಗಿಲಿನಿಂದಲ್ಲದೆ ಬೇರೆ ದಾರಿಯಲ್ಲಿ ಹೊರಗೆ ಬರುವುದಿಲ್ಲ. ಸ್ಪರ್ಧೆ ಇಲ್ಲದ ಕಡೆ 71,980 ಎಂಬುದು ಬೆಲೆಯಲ್ಲ, ಅಪ್ಪಣೆ.

ಇದು ಮುಂಬೈಯ ಒಬ್ಬ ಚಾಚಾನ ಕತೆಯಷ್ಟೇ ಅಲ್ಲ. ಯುರೋಪಿನ ಸ್ವತಂತ್ರ ಗಡಿಯಾರ ದುರಸ್ತಿಗಾರರ ಒಕ್ಕೂಟ 2004ರಲ್ಲೇ ಯುರೋಪಿಯನ್ ಆಯೋಗಕ್ಕೆ ಇದೇ ದೂರು ಕೊಟ್ಟಿತ್ತು: ದುಬಾರಿ ಗಡಿಯಾರಗಳ ಕಂಪನಿಗಳು ನಮಗೆ ಬಿಡಿಭಾಗ ಕೊಡುತ್ತಿಲ್ಲ ಎಂದು. 2008ರಲ್ಲಿ ಆಯೋಗ ದೂರನ್ನು ತಳ್ಳಿಹಾಕಿತು. 2010ರಲ್ಲಿ ನ್ಯಾಯಾಲಯ ಆ ತೀರ್ಮಾನವನ್ನು ರದ್ದು ಮಾಡಿತು. ಆಯೋಗ ಮತ್ತೆ ವಿಚಾರಿಸಿ 2014ರಲ್ಲಿ ಮತ್ತೆ ತಳ್ಳಿಹಾಕಿತು, 2017ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹದಿಮೂರು ವರ್ಷದ ಹೋರಾಟ ಸೋತಿತು. ಗುಣಮಟ್ಟ ಕಾಪಾಡಬೇಕು, ನಕಲಿ ಭಾಗಗಳನ್ನು ತಡೆಯಬೇಕು ಎಂಬ ಕಂಪನಿಗಳ ವಾದ ಗೆದ್ದಿತು. ನಕಲಿಯ ಭಯ ಸುಳ್ಳಲ್ಲ. ಆದರೆ ಅಸಲಿ ಭಾಗ ಎಲ್ಲರಿಗೂ ಸಿಗದಂತೆ ಮಾಡಿದರೆ ನಕಲಿಗೆ ತಾನೆ ಗಿರಾಕಿ ಹೆಚ್ಚುವುದು?

ನಮ್ಮ ದೇಶದಲ್ಲಿ ಇದೇ ವಾದ ಕಾರುಗಳ ವಿಷಯದಲ್ಲಿ ಗೆಲ್ಲಲಿಲ್ಲ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಇಟ್ಟುಕೊಂಡದ್ದು ತಪ್ಪು ಎಂಬುದು ಕಾರಣ. ಮೇಲ್ಮನವಿಗಳು ಹೋದವು, ಅದು ಬೇರೆ ಮಾತು. ತತ್ತ್ವ ಮಾತ್ರ ಸ್ಪಷ್ಟ: ವಸ್ತು ಮಾರಿದ ಮೇಲೆ ಅದರ ದುರಸ್ತಿಯನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆ ಚೌಕಟ್ಟು ರೂಪಿಸಲು ಸಮಿತಿ ಮಾಡಿದಾಗ ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ಯಂತ್ರಗಳು, ವಾಹನಗಳು. ಗಡಿಯಾರ ಅದರಲ್ಲಿಲ್ಲ.

ಇರಬೇಕಾಗಿಯೂ ಇಲ್ಲ ಎಂದು ಕೆಲವರು ಹೇಳಬಹುದು. ಟ್ರ್ಯಾಕ್ಟರ್ ಕೆಟ್ಟರೆ ರೈತನ ಹೊಟ್ಟೆಪಾಡು. ಸ್ವಿಸ್ ಗಡಿಯಾರ ಕೆಟ್ಟರೆ ಉಳ್ಳವರ ಗೋಳು. ಮೊಬೈಲಿನಲ್ಲಿ ಟೈಮ್ ನೋಡಿಕೊಳ್ಳಿ. ಸರಿ, ಮೊದಲು ಟ್ರ್ಯಾಕ್ಟರಿನ ಮಾತೇ ಆಗಲಿ. ಆದರೆ ಎರಡು ಕಡೆಯೂ ಇರುವ ಬೀಗ ಒಂದೇ. ಐಷಾರಾಮದ ವಸ್ತುವಿನಲ್ಲಿ ‘ಅಧಿಕೃತರು ಮಾತ್ರ’ ಎಂಬ ಮಾತನ್ನು ಗೌರವದ ಸಂಗತಿಯೆಂದು ನಾವು ಒಪ್ಪಿಕೊಂಡರೆ, ನಾಳೆ ಅದೇ ಮಾತು ಫ್ರಿಜ್ಜಿನ ಮೇಲೂ ಬರುತ್ತದೆ. ಇನ್ನೊಂದು, ಇದು ಉಳ್ಳವರ ವಿಷಯವಾಗಿಯೇ ಉಳಿಯುವುದಿಲ್ಲ. ಸ್ವಿಟ್ಜರ್ಲೆಂಡ್ ಇರುವ ಎಫ್ಟಾ ಗುಂಪಿನ ಜೊತೆ 2024ರ ಮಾರ್ಚಿನಲ್ಲಿ ಸಹಿಯಾದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರಿನಿಂದ ಜಾರಿಗೆ ಬಂದಿದೆ. ಸ್ವಿಸ್ ಗಡಿಯಾರಗಳ ಸುಂಕ ಹಂತಹಂತವಾಗಿ ಇಳಿಯಲಿದೆ. ಮೊದಲ ಸಂಬಳದಲ್ಲಿ, ಇಎಂಐನಲ್ಲಿ ಗಡಿಯಾರ ಕೊಳ್ಳುವ ಹುಡುಗ ಹುಡುಗಿಯರು ಈಗಲೇ ನಮ್ಮ ನಡುವೆ ಇದ್ದಾರೆ. ಐದಾರು ವರ್ಷದಲ್ಲಿ ಅವರೆಲ್ಲ ಅದೇ ಸೋಫಾದಲ್ಲಿ ಕೂರುತ್ತಾರೆ.

ಬೇರೆ ದಾರಿಯೇ ಇಲ್ಲವೇ ಎಂದರೆ, ಇತ್ತು, ನಮ್ಮ ಬೆಂಗಳೂರಿನಲ್ಲೇ ಇತ್ತು. ಜಪಾನಿನ ಸಿಟಿಜನ್ ಸಹಯೋಗದಲ್ಲಿ ಎಚ್‌ಎಂಟಿ ತಯಾರಿಸಿದ ಮೊದಲ ಕೈಗಡಿಯಾರಗಳು 1961ರಲ್ಲಿ ಹೊರಬಂದವು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಹೋಗಿ ವರ್ಷಗಳಾದರೂ ಅಪ್ಪನ ಜನತಾ ಇನ್ನೂ ನಡೆಯುತ್ತಿದೆ. ಅದು ಸ್ವಿಸ್‌ಗಿಂತ ಶ್ರೇಷ್ಠ ಎಂದಲ್ಲ. ಅದರ ಬಿಡಿಭಾಗಗಳು ಊರೂರಿನ ರಿಪೇರಿಯವರ ಡಬ್ಬಿಗಳಲ್ಲಿ ಹಂಚಿಹೋಗಿವೆ, ಅದನ್ನು ಬಿಚ್ಚಿ ಜೋಡಿಸುವ ವಿದ್ಯೆಯೂ ಹಾಗೇ ಹಂಚಿಹೋಗಿದೆ. ಕಂಪನಿ ಸತ್ತರೂ ವಸ್ತು ಬದುಕಿತು. ‘ತಲೆಮಾರುಗಳವರೆಗೆ ಬಾಳುತ್ತದೆ’ ಎಂದು ಜಾಹೀರಾತು ಕೊಡುವವರು ದುರಸ್ತಿಯ ವಿದ್ಯೆಯನ್ನು ಮಾತ್ರ ತಮ್ಮ ಮನೆಯೊಳಗೇ ಇಟ್ಟುಕೊಂಡರೆ, ಆ ತಲೆಮಾರುಗಳೆಲ್ಲ ಅವರಿಗೆ ಬಾಡಿಗೆ ಕಟ್ಟುವ ಒಕ್ಕಲು ಅಷ್ಟೇ.

ಹಾಗಾದರೆ ಏನಾಗಬೇಕು? ನನ್ನ ಬೇಡಿಕೆ ಮೂರು. ಒಂದು, ಗಡಿಯಾರ ಮಾರುವಾಗಲೇ ಸರ್ವಿಸ್ ಎಷ್ಟು ವರ್ಷಕ್ಕೊಮ್ಮೆ, ಇವತ್ತಿನ ದರ ಎಷ್ಟು ಎಂದು ಬಿಲ್ಲಿನ ಜೊತೆ ಬರೆದು ಕೊಡಲಿ. ಎರಡು, ಅಂದಾಜು ಪಟ್ಟಿಯಲ್ಲಿ ನಡೆಯಲು ಬೇಕಾದದ್ದು ಬೇರೆ, ನೋಟಕ್ಕೆ ಬೇಕಾದದ್ದು ಬೇರೆ ಎಂದು ವಿಂಗಡಿಸಲಿ. ಎರಡನೆಯದನ್ನು ಬೇಡ ಎನ್ನುವ ಹಕ್ಕು ನಮಗಿರಲಿ, ತೆಗೆದ ಭಾಗಗಳು ನಮಗೇ ಬರಲಿ. ಮೂರು, ತರಬೇತಿ ಪಡೆದ ಹೊರಗಿನ ದುರಸ್ತಿಗಾರರಿಗೆ ಅಸಲಿ ಭಾಗ ಮಾರಲಿ. ದುರಸ್ತಿಯ ಹಕ್ಕಿನ ಕ್ಷೇತ್ರಗಳಲ್ಲಿ ಗಡಿಯಾರವನ್ನೂ ಸೇರಿಸಿದರೆ ಇದು ಅಸಾಧ್ಯವೇನಲ್ಲ.

ಅಲ್ಲಿಯತನಕ ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ನನ್ನ ಅನುಭವದ ನಾಲ್ಕು ಮಾತು. ಕೊಡುವ ಮೊದಲು ಮುಂದೆ ಹಿಂದೆ ಫೋಟೋ ತೆಗೆದು, ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಪಾಲಿಶ್ ಬೇಡವೆಂದರೆ ಮೊದಲೇ ಬರಹದಲ್ಲಿ ಹೇಳಿ. ಪಾಲಿಶ್ ಎಂದರೆ ಲೋಹ ಸವೆಸುವುದು, ಹೋದ ಅಂಚು ಮರಳುವುದಿಲ್ಲ. ಹಳೆಯ ಗಡಿಯಾರಕ್ಕೆ ನೀರು ತಾಗಿಸಬೇಡಿ. ಮುಖ್ಯವಾಗಿ, ಪಟ್ಟಿ ಬಂದ ದಿನವೇ ‘ಹೂಂ’ ಎನ್ನಬೇಡಿ. ಹಿರಿಯರ ನೆನಪಿನ ವಸ್ತು ಎಂಬ ಮೆತ್ತನೆಯ ಜಾಗ ನಮ್ಮಲ್ಲಿದೆ ಎಂದು ಕೌಂಟರಿನವರಿಗೂ ಗೊತ್ತು.

ನಾನು ಕೊನೆಗೆ ಚಾಚಾಗೇ ಕೊಟ್ಟೆ. ಯಂತ್ರ ತೊಳೆದು ಎಣ್ಣೆ ಹಾಕಿದರು. ಬೇರಾವುದೋ ಗಡಿಯಾರದ ಗುಂಡಿಯನ್ನು ಉಜ್ಜಿ ಹೊಂದಿಸಿ ಕೂರಿಸಿದರು. ಎಲ್ಲ ಸೇರಿ 6,200. ಇದರಿಂದ ಕಳೆದುಕೊಂಡದ್ದೂ ಇದೆ. ಗುಂಡಿ ಅಸಲಿಯಲ್ಲ, ಹಾಗಾಗಿ ಮಾರಲು ಹೋದರೆ ಬೆಲೆ ಇಳಿಯುತ್ತದೆ. ಮಳೆಯಲ್ಲಿ ಕಟ್ಟಿಕೊಳ್ಳುವಂತಿಲ್ಲ. ಮುಂದೆ ಯಾವತ್ತಾದರೂ ಆ ಸೋಫಾಕ್ಕೆ ಹೋದರೆ ಪಟ್ಟಿ ಇನ್ನೂ ಉದ್ದವಾಗುತ್ತದೆ. ಎಲ್ಲ ಗೊತ್ತಿದ್ದೇ ಮಾಡಿದೆ.

ಚಿಕ್ಕಮ್ಮ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, ‘ನಡೀತಾ ಉಂಟಾ ಅದು?’ ನಡೀತಾ ಉಂಟು ಎನ್ನುತ್ತೇನೆ. ದಿನಕ್ಕೆ ಇಪ್ಪತ್ತು ಸೆಕೆಂಡ್ ಮುಂದೆ ಹೋಗುತ್ತದೆ ಎಂಬುದನ್ನು ಅವರಿಗೆ ಹೇಳಿಲ್ಲ. ವಾರಕ್ಕೊಮ್ಮೆ ನಾನೇ ಸರಿ ಮಾಡಿಕೊಳ್ಳುತ್ತೇನೆ.

ನಿಮ್ಮ ಊರಿನಲ್ಲಿ, ಪುಣೆಯಲ್ಲೋ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ, ಗಡಿಯಾರ ಬಿಚ್ಚಿ ಜೋಡಿಸುವ ಇಂಥವರು ಇನ್ನೂ ಉಳಿದಿದ್ದಾರೆಯೇ? ಈ ಪತ್ರಕ್ಕೆ ಉತ್ತರ ಬರೆಯಿರಿ.